ಹೈದರ್ ಅಲಿ: ಕೋಪ, ಭಯ ಮತ್ತು ಲೆಕ್ಕ

ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಹೋದರೆ ಹೆಚ್ಚೆಂದರೆ ಮುಕ್ಕಾಲು ಗಂಟೆ. ನಮ್ಮಲ್ಲಿ ಬಹಳ ಜನ ಹೈಸ್ಕೂಲಿನಲ್ಲಿದ್ದಾಗಲೇ ಪ್ರವಾಸಕ್ಕೆಂದು ಹೋಗಿ ದರಿಯಾ ದೌಲತ್ ನೋಡಿ ಬಂದವರು. ಗೋಡೆಯ ಮೇಲಿನ ಯುದ್ಧದ ಚಿತ್ರ, ಆನೆ, ಕುದುರೆ, ಹೊಗೆ ಎಲ್ಲವೂ ನೆನಪಿರುತ್ತದೆ. ಆ ಅರಮನೆ ಕಟ್ಟುವುದಕ್ಕೆ 24 ವರ್ಷ ಮೊದಲು ಅದೇ ಆಸುಪಾಸಿನಲ್ಲಿ ಒಂದು ಸೇನಾ ಶಿಬಿರವಿತ್ತು. 1760ರ ಆಗಸ್ಟ್ 12ರ ಬೆಳಿಗ್ಗೆ ಶ್ರೀರಂಗಪಟ್ಟಣದ ಕೋಟೆಯ ಫಿರಂಗಿಗಳು ಆ ಶಿಬಿರದ ಮೇಲೆ ಗುಂಡು ಸುರಿಸಿದವು. ಶಿಬಿರ ಹೈದರ್ ಅಲಿಯದು. ಫಿರಂಗಿ ಹಾರಿಸಲು ಹೇಳಿದವನು ಖಂಡೇರಾವ್, ಅಂದರೆ ಹೈದರನ ಲೆಕ್ಕಪತ್ರಗಳನ್ನೆಲ್ಲ ವರ್ಷಗಟ್ಟಲೆ ನೋಡಿಕೊಂಡಿದ್ದ ಸ್ವಂತ ದಿವಾನ.

ಹೈದರನ ಸೈನ್ಯದ ದೊಡ್ಡ ಭಾಗ ಆಗ ಅಲ್ಲಿರಲಿಲ್ಲ. ಮಖ್ದೂಮ್ ಅಲಿಯ ಜೊತೆ ಅದು ದೂರದ ಆರ್ಕಾಟಿನ ಕಡೆ ಫ್ರೆಂಚರ ಸಹಾಯಕ್ಕೆ ಹೋಗಿತ್ತು. ಕಾವೇರಿ ಮಳೆಗಾಲದ ನೀರಿನಿಂದ ತುಂಬಿತ್ತು. ಹೆಂಡತಿ ಮಕ್ಕಳು ಜೊತೆಯಲ್ಲಿಯೇ ಇದ್ದರು. ಹಿರಿಯ ಮಗ ಟಿಪ್ಪುವಿಗೆ ಸುಮಾರು ಒಂಬತ್ತು ವರ್ಷ. ಒಂದು ಹಗಲು ಮಾತ್ರ ಸಮಯವಿತ್ತು. ಆ ಹಗಲಿನಲ್ಲಿ ಹೈದರ್ ಏನು ಮಾಡಿದ ಎನ್ನುವುದನ್ನು ಹೇಳುವ ಮೊದಲು ಅವನು ಅಲ್ಲಿಗೆ ಬಂದದ್ದು ಹೇಗೆ ಎಂದು ಹೇಳಬೇಕು.

ಹೈದರ್ ಹುಟ್ಟಿದ್ದು ಕೋಲಾರದ ಹತ್ತಿರದ ಬೂದಿಕೋಟೆಯಲ್ಲಿ, 1720ರ ಆಚೀಚೆ. ತಂದೆ ಫತೇ ಮುಹಮ್ಮದ್ ಸಿರಾದ ನವಾಬರ ಕೈಕೆಳಗಿದ್ದ ಸೇನಾಧಿಕಾರಿ. ಮಗ ಇನ್ನೂ ಚಿಕ್ಕವನಿದ್ದಾಗಲೇ ಅವರು ಯುದ್ಧದಲ್ಲಿ ಸತ್ತರು. ಮನೆಯಲ್ಲಿ ಉಳಿದದ್ದು ತಾಯಿ, ಅಣ್ಣ ಶಹಬಾಜ್, ಹೈದರ್, ಮತ್ತು ತಂದೆಯ ಸಾಲ. ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಸಾಲದ ಹೆಸರಿನಲ್ಲಿ ಮನೆಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡ. ಇನ್ನೂ ಹಣವಿರಬಹುದು ಎಂದು ಇಬ್ಬರು ಹುಡುಗರನ್ನೂ ಹಿಂಸಿಸಿದ. ಹುಡುಗರನ್ನು ನಗಾರಿಯೊಳಗೆ ಕೂರಿಸಿ, ಚರ್ಮ ಬಿಗಿದು ಬಾರಿಸಿದರು ಎಂಬ ಕಥೆ ಇದೆ. ಮೈಸೂರು ಸೇನೆಯಲ್ಲಿದ್ದ ಒಬ್ಬ ಬಂಧುವಿನ ನೆರವಿನಿಂದ ಆ ಕುಟುಂಬ ಬಿಡುಗಡೆಯಾಗಿ ಶ್ರೀರಂಗಪಟ್ಟಣಕ್ಕೆ ಬಂತು. ಅಬ್ಬಾಸ್ ಕುಲಿ ಖಾನನ ಹೆಸರನ್ನು ನೆನಪಿಟ್ಟುಕೊಳ್ಳಿ, ಅವನು ಮತ್ತೆ ಬರುತ್ತಾನೆ.

ಹೈದರ್ ಓದು ಬರಹ ಕಲಿಯಲಿಲ್ಲ. ಅಣ್ಣ ಸೇನೆಯಲ್ಲಿ ಮೇಲೆ ಬಂದ. ತಮ್ಮ ಇಪ್ಪತ್ತೇಳರ ವಯಸ್ಸಿನವರೆಗೂ ಬೇಟೆ, ಕುದುರೆ ಸವಾರಿ ಎಂದು ಕಳೆದ. 1749ರಲ್ಲಿ ದೇವನಹಳ್ಳಿ ಕೋಟೆಯ ಮುತ್ತಿಗೆಯಲ್ಲಿ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣು ಅವನ ಮೇಲೆ ಬಿತ್ತು. 50 ಕುದುರೆ, 200 ಕಾಲಾಳುಗಳ ಒಂದು ಪುಟ್ಟ ಪಡೆ ಸಿಕ್ಕಿತು. ಮರುವರ್ಷ ಜಿಂಜಿಯ ಹತ್ತಿರ ನಾಸಿರ್ ಜಂಗ್ ಕೊಲೆಯಾಗಿ ಅವನ ಶಿಬಿರದಲ್ಲಿ ಗಲಿಬಿಲಿ ಎದ್ದಾಗ, ಒಂಟೆಗಳ ಮೇಲೆ ಹೋಗುತ್ತಿದ್ದ ಖಜಾನೆಯಲ್ಲಿ ಒಂದಷ್ಟು ಹೈದರನ ಆಳುಗಳ ಕೈಸೇರಿತು. ಅವನು ಆ ಚಿನ್ನವನ್ನು ಮಜಾ ಮಾಡಿ ಖರ್ಚು ಮಾಡಲಿಲ್ಲ. ಕುದುರೆ ಕೊಂಡ, ಬಂದೂಕು ಕೊಂಡ, ಫ್ರೆಂಚರ ಬಳಿ ಕವಾಯತು ಕಲಿತು ಬಿಟ್ಟುಬಂದ ಸಿಪಾಯಿಗಳನ್ನು ಸಂಬಳಕ್ಕೆ ಇಟ್ಟುಕೊಂಡ. ನಮ್ಮ ಕಾಮರ್ಸ್ ಭಾಷೆಯಲ್ಲಿ ಇದು ಬಂಡವಾಳ ಹೂಡಿಕೆ.

1755ರಲ್ಲಿ ಅವನು ದಿಂಡಿಗಲ್ಲಿನ ಫೌಜುದಾರನಾದ. ಖಂಡೇರಾವ್ ಮತ್ತು ಅವನ ಜೋಡಿ ಬಲವಾದದ್ದು ಆ ವರ್ಷಗಳಲ್ಲಿ. ಒಬ್ಬನಿಗೆ ಅಕ್ಷರ ಗೊತ್ತಿಲ್ಲ, ಇನ್ನೊಬ್ಬನಿಗೆ ಲೆಕ್ಕದಲ್ಲಿ ಸಾಟಿಯಿಲ್ಲ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದು ಇತಿಹಾಸ ಬರೆದ ಕರ್ನಲ್ ವಿಲ್ಕ್ಸ್ ಇಲ್ಲಿ ಒಂದು ಕಥೆ ಹೇಳುತ್ತಾನೆ. ಒಂದು ಕಾಳಗದ ನಂತರ ಗಾಯಾಳುಗಳ ಭತ್ಯೆ ಕೊಡಲು ರಾಜಧಾನಿಯಿಂದ ಅಧಿಕಾರಿ ಬಂದ. ನಿಜವಾಗಿ ಗಾಯಗೊಂಡವರು 67 ಜನ. ಅಧಿಕಾರಿಯ ಮುಂದೆ ಮಲಗಿದ್ದವರು 700 ಜನ, ಎಲ್ಲರ ಕೈಕಾಲಿಗೂ ಅರಿಶಿನ ಹಚ್ಚಿದ ಬಟ್ಟೆ ಸುತ್ತಿತ್ತು. ಆಡಿಟ್ ಪಾಠ ಮಾಡುವ ನಮ್ಮ ಉಪನ್ಯಾಸಕರು ಇದನ್ನು ಓದಿದರೆ ನಗುತ್ತಾರೋ ಕೋಪಿಸಿಕೊಳ್ಳುತ್ತಾರೋ ಗೊತ್ತಿಲ್ಲ. 1758ರಲ್ಲಿ ಸಂಬಳ ಸಿಗದ ಸೈನಿಕರು ನಂಜರಾಜಯ್ಯನ ಮನೆ ಬಾಗಿಲಲ್ಲಿ ಧರಣಿ ಕೂತಾಗ ಇದೇ ಜೋಡಿ ಬಂದು, ಯಾರ ಬಾಕಿ ನಿಜ, ಯಾರದು ಸುಳ್ಳು ಎಂದು ಲೆಕ್ಕ ಬಿಡಿಸಿ ಗಲಾಟೆ ಮುಗಿಸಿತು. ಮರಾಠರನ್ನು ಬೆಂಗಳೂರಿನಿಂದ ಹಿಂದೆ ಕಳಿಸಿದ್ದಕ್ಕೆ ಬೆಂಗಳೂರು ಜಾಗೀರಾಗಿ ಬಂತು. 1760ರಲ್ಲಿ ಅರಮನೆಯ ರಾಣಿಯವರ ಬೆಂಬಲದಿಂದ ನಂಜರಾಜಯ್ಯನನ್ನೇ ಪಕ್ಕಕ್ಕೆ ಸರಿಸಿದರು. ಆಮೇಲೆ ರಾಣಿಯವರು ಮತ್ತು ಖಂಡೇರಾವ್ ಸೇರಿ ಹೈದರನನ್ನು ಸರಿಸಲು ಮರಾಠರನ್ನು ಕರೆಸಿಕೊಂಡರು. ಹಾಗೆ ಬಂತು ಆಗಸ್ಟ್ 12.

ಫಿರಂಗಿ ಸದ್ದು ಕೇಳಿದಾಗ ಹೈದರನಿಗೆ ಭಯವಾಗಿರಲೇಬೇಕು. ಕೋಪವೂ ಬಂದಿರಬೇಕು. ಕೋಟೆಯ ಮೇಲೆ ನುಗ್ಗಿ ಸಾಯುವುದು ಒಂದು ದಾರಿ. ನಮ್ಮ ಸಿನಿಮಾಗಳಲ್ಲಾದರೆ ಅದೇ ಆಗುತ್ತಿತ್ತು. ಅವನು ಮೊದಲು ಮಾಡಿದ್ದು ಹೊಳೆಯ ದೋಣಿಗಳನ್ನು ವಶಪಡಿಸಿಕೊಂಡದ್ದು. ಆಮೇಲೆ ಕತ್ತಲಾಗುವವರೆಗೆ ಕಾದ. ರಾತ್ರಿ ನಂಬಿಕಸ್ಥ ಸವಾರರ ಒಂದು ಸಣ್ಣ ಗುಂಪು, ಹೊರಲು ಆಗುವಷ್ಟು ಹಣ ಮತ್ತು ಒಡವೆ, ಇಷ್ಟರ ಜೊತೆ ಕಾವೇರಿ ದಾಟಿ ಆನೇಕಲ್ಲಿನ ದಾರಿ ಹಿಡಿದ. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಹೋದ.

ಈ ಕೊನೆಯ ವಾಕ್ಯದ ಹತ್ತಿರ ನಾನು ಬಹಳ ಹೊತ್ತು ನಿಂತೆ. ಮಗನನ್ನು ಶತ್ರುವಿನ ಕೈಯಲ್ಲಿ ಬಿಟ್ಟು ಹೋಗುವವನನ್ನು ಏನೆಂದು ಕರೆಯುವುದು? ಜೊತೆಗೆ ಕರೆದುಕೊಂಡು ಹೋಗಿದ್ದರೆ ಕುದುರೆಗಳು ನಿಧಾನವಾಗುತ್ತಿದ್ದವು, ಎಲ್ಲರೂ ಸಿಕ್ಕಿಬೀಳುತ್ತಿದ್ದರು. ತಾನು ಜೀವಂತ ಹೊರಗಿದ್ದರೆ ಮಾತ್ರ ಒಳಗಿರುವ ಮಗನಿಗೆ ಬೆಲೆ ಇರುತ್ತದೆ, ಯಾರೂ ಮುಟ್ಟುವುದಿಲ್ಲ ಎಂದು ಅವನು ಯೋಚಿಸಿರಬಹುದು. ಇದು ನನ್ನ ಊಹೆ. ಮುಂದೆ ಅವರೆಲ್ಲ ಸುರಕ್ಷಿತವಾಗಿ ಸಿಕ್ಕರು ಎನ್ನುವುದು ನಿಜ, ಆದರೆ ಆ ರಾತ್ರಿ ಹೊಳೆ ದಾಟುವಾಗ ಅದು ಅವನಿಗೆ ತಿಳಿದಿರಲಿಲ್ಲ.

ಭಾವನೆ ಬಂದರೆ ಬುದ್ಧಿ ಕೆಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ ಎಂದು ಈಗಿನ ವಿಜ್ಞಾನ ಹೇಳುತ್ತಿದೆ. ಅಂಟೋನಿಯೊ ಡಮಾಸಿಯೊ ಎಂಬ ನರವಿಜ್ಞಾನಿ ಮೆದುಳಿನ ಮುಂಭಾಗಕ್ಕೆ ಪೆಟ್ಟಾದ ಕೆಲವು ರೋಗಿಗಳನ್ನು ಗಮನಿಸಿದರು. ಅವರ ಬುದ್ಧಿಶಕ್ತಿಯ ಪರೀಕ್ಷೆ ಚೆನ್ನಾಗಿಯೇ ಇತ್ತು, ಲೆಕ್ಕವೂ ಬರುತ್ತಿತ್ತು. ಆದರೆ ಅಪಾಯ ಹತ್ತಿರ ಬಂದಾಗ ಬೇರೆಯವರ ಎದೆಯಲ್ಲಿ ಆಗುವ ದಿಗಿಲು ಅವರಿಗೆ ಆಗುತ್ತಿರಲಿಲ್ಲ. ಹಣ ಇಟ್ಟು ಆಡುವ ಇಸ್ಪೀಟಿನ ಪ್ರಯೋಗದಲ್ಲಿ ಅವರು ನಷ್ಟ ತರುವ ಕಟ್ಟಿನಿಂದಲೇ ಮತ್ತೆ ಮತ್ತೆ ಎಲೆ ಎಳೆಯುತ್ತಿದ್ದರು. ಅಂದರೆ ಭಯ ನಮಗೆ ಸುದ್ದಿ ತರುತ್ತದೆ. ಆ ಸುದ್ದಿಯನ್ನು ಕೇಳಿದ ಮೇಲೆ ಏನು ಮಾಡುವುದು ಎನ್ನುವುದು ಬೇರೆ ಕೆಲಸ. ಹೈದರನ ಭಯ ಅವನನ್ನು ಎಚ್ಚರಿಸಿತು. ದೋಣಿ, ಕತ್ತಲು, ದಾರಿ, ಹಣ ಇವನ್ನೆಲ್ಲ ಜೋಡಿಸಿದ್ದು ಲೆಕ್ಕ.

ಬೆಂಗಳೂರಿನ ಕಿಲ್ಲೇದಾರ ಕಬೀರ್ ಬೇಗ್ ಕೈಬಿಡಲಿಲ್ಲ, ಬಾಗಿಲು ತೆರೆದ. ಅಲ್ಲಿನ ಸಾಹುಕಾರರು ಹೈದರನ ಮಾತಿನ ಮೇಲೆಯೇ ಸಾಲ ಕೊಟ್ಟರು. ಅಧಿಕಾರ, ಖಜಾನೆ ಎರಡೂ ಹೋದವನಿಗೆ ಸಾಲ ಹುಟ್ಟುವುದು ಸಣ್ಣ ಮಾತಲ್ಲ. ಅವನು ಹಿಂದೆ ಸಾಲ ತೀರಿಸಿದ್ದ ರೀತಿ ಅವರಿಗೆ ಗೊತ್ತಿದ್ದಿರಬೇಕು. ಮಖ್ದೂಮ್ ಅಲಿಯ ಸೈನ್ಯವನ್ನು ದಾರಿಯಲ್ಲಿ ಮರಾಠರು ತಡೆದಿದ್ದರು. ಹೈದರ್ ಮರಾಠ ಸರದಾರ ವಿಸಾಜಿ ಪಂಡಿತನ ಜೊತೆ ಮಾತುಕತೆಗೆ ಇಳಿದ. ಬಾರಾಮಹಲ್ ಪ್ರದೇಶ ಮತ್ತು ಮೂರು ಲಕ್ಷ ರೂಪಾಯಿ ಕೊಟ್ಟರೆ ಹೋಗುತ್ತೇವೆ ಎಂದು ವಿಸಾಜಿ ಒಪ್ಪಿದ. ಇಷ್ಟು ಬೇಗ, ಇಷ್ಟು ಕಡಿಮೆಗೆ ಯಾಕೆ ಒಪ್ಪಿದ ಎನ್ನುವ ಅನುಮಾನ ಹೈದರನಿಗೆ ಬಂತು. ಹಣ ಕೊಟ್ಟ, ಬಾರಾಮಹಲ್ ಬಿಟ್ಟುಕೊಡುವುದನ್ನು ಮಾತ್ರ ತಡಮಾಡಿದ. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರು ಸೋತಿದ್ದರು. ಅವರಿಗೆ ದಕ್ಷಿಣದಲ್ಲಿ ನಿಲ್ಲಲು ಪುರಸೊತ್ತಿರಲಿಲ್ಲ. ಬಾರಾಮಹಲ್ ಉಳಿಯಿತು.

ಆದರೂ ನಂಜನಗೂಡಿನ ಹತ್ತಿರ ಖಂಡೇರಾವ್ ಹೈದರನನ್ನು ಸೋಲಿಸಿದ. ಸೈನ್ಯ ಕರಗಿತು. ಆಗ ಹೈದರ್ ಹೋಗಿದ್ದು ಎಲ್ಲಿಗೆ ಗೊತ್ತೇ? ತಾನೇ ಕೆಳಗಿಳಿಸಿದ್ದ ನಂಜರಾಜಯ್ಯನ ಮನೆಗೆ. ಕಾಲಿಗೆ ಬಿದ್ದು, ತಪ್ಪಾಯಿತು, ಮತ್ತೆ ನಿಮ್ಮ ಕೈಕೆಳಗೆ ಇರುತ್ತೇನೆ ಎಂದು ಕೇಳಿಕೊಂಡ. ನಂಜರಾಜಯ್ಯ ಕರಗಿ, ತನ್ನ ಆಳುಗಳನ್ನೂ ತನ್ನ ಹೆಸರನ್ನೂ ಕೊಟ್ಟ. ಹೈದರನಿಗೆ ಆಳುಗಳಿಗಿಂತ ಹೆಸರೇ ಹೆಚ್ಚು ಉಪಯೋಗಕ್ಕೆ ಬಂತು.

ಹುಣಸೂರು ಕಡೆಯಿಂದ ಬರುವ ಗೆಳೆಯರಿಗೆ ಕಟ್ಟೆಮಳಲವಾಡಿ ಗೊತ್ತು. ಖಂಡೇರಾವ್ ದೊಡ್ಡ ಸೈನ್ಯದೊಂದಿಗೆ ಅಲ್ಲಿ ಬೀಡುಬಿಟ್ಟಿದ್ದ. ಹೈದರ್ ಅವನ ಸರದಾರರಿಗೆ ನಂಜರಾಜಯ್ಯನ ಹೆಸರಿನಲ್ಲಿ ಪತ್ರ ಬರೆಸಿದ. ಮಾತಿನಂತೆ ಖಂಡೇರಾಯನನ್ನು ಹಿಡಿದುಕೊಟ್ಟರೆ ಒಪ್ಪಿದ ಇನಾಮು ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಅಂಥ ಮಾತುಕತೆ ನಡೆದೇ ಇರಲಿಲ್ಲ. ಪತ್ರಗಳು ಸರದಾರರಿಗೆ ತಲುಪದೆ ಖಂಡೇರಾಯನ ಕೈಗೇ ಬೀಳುವಂತೆ ಏರ್ಪಾಡಾಗಿತ್ತು. ಓದಿದ ಕೂಡಲೇ ಅವನು ಯಾರನ್ನೂ ಕೇಳದೆ ಕುದುರೆ ಏರಿ ಶ್ರೀರಂಗಪಟ್ಟಣಕ್ಕೆ ಓಡಿದ. ದೊರೆಯಿಲ್ಲದ ಸೈನ್ಯದ ಮೇಲೆ ಹೈದರ್ ಬಿದ್ದ. ಒಂದು ವರ್ಷದ ಹಿಂದೆ ಹೈದರ್ ಓಡಿಹೋದದ್ದೂ ಭಯದಿಂದ, ಈಗ ಖಂಡೇರಾವ್ ಓಡಿದ್ದೂ ಭಯದಿಂದ. ಒಬ್ಬ ಕತ್ತಲಾಗುವವರೆಗೆ ಕಾದ. ಇನ್ನೊಬ್ಬ ಪತ್ರ ನಿಜವೋ ಸುಳ್ಳೋ ಎಂದು ಒಬ್ಬ ಸರದಾರನನ್ನು ಕರೆದು ಕೇಳುವಷ್ಟೂ ಕಾಯಲಿಲ್ಲ. ಲೆಕ್ಕದಲ್ಲಿ ಹೈದರನಿಗಿಂತ ಜಾಣನಾಗಿದ್ದವನು ಅವನು ಎನ್ನುವುದನ್ನು ಮರೆಯಬಾರದು.

ಗೆದ್ದ ಮೇಲೆ ಹೈದರ್ ಮಾಡಿದ ಕೆಲಸ ನನಗೆ ಹಿಡಿಸುವುದಿಲ್ಲ. ಖಂಡೇರಾಯನ ಜೀವ ಉಳಿಸಿ ಎಂದು ಅರಮನೆಯ ಹೆಂಗಸರು ಕೇಳಿಕೊಂಡಾಗ, ಅವನನ್ನು ಗಿಳಿಯಂತೆ ಸಾಕುತ್ತೇನೆ ಎಂದು ಮಾತು ಕೊಟ್ಟ. ಕೊಟ್ಟ ಮಾತನ್ನು ಅಕ್ಷರಶಃ ನಡೆಸಿದ. ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದ. ಖಂಡೇರಾವ್ ಪಂಜರದಲ್ಲಿಯೇ ಸತ್ತ. ಕೋಪವನ್ನು ಒಂದು ವರ್ಷ ತಡೆದಿಟ್ಟರೆ ಅದು ಆರಿಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಕೆಲವರಲ್ಲಿ ಅದು ಆರುವುದಿಲ್ಲ, ಹೆಪ್ಪುಗಟ್ಟುತ್ತದೆ.

1761ರಿಂದ ಮೈಸೂರಿನ ಆಡಳಿತ ಹೈದರನ ಕೈಯಲ್ಲಿ. ಒಡೆಯರನ್ನು ಸಿಂಹಾಸನದಿಂದ ಇಳಿಸಲಿಲ್ಲ, ದಸರಾದಲ್ಲಿ ದರ್ಬಾರು ಅವರದೇ. 1763ರಲ್ಲಿ ಬಿದನೂರು ಗೆದ್ದು ಅಪಾರ ಸಂಪತ್ತು ಪಡೆದ, ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಅವನ ಚಿನ್ನದ ನಾಣ್ಯದ ಒಂದು ಕಡೆ ಶಿವ ಪಾರ್ವತಿಯರು, ಇನ್ನೊಂದು ಕಡೆ ಅವನ ಹೆಸರಿನ ಮೊದಲ ಅಕ್ಷರ. ಉರ್ದು ಓದಲು ಬರುವವರಿಗೆ ಆ 'ಹೇ' ಅಕ್ಷರ ಕೂಡಲೇ ಗೊತ್ತಾಗುತ್ತದೆ. ಅವನಿಗೆ ಬರೆಯಲು ಬರುತ್ತಿದ್ದದ್ದೂ ಅದೊಂದೇ, ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದ ಎನ್ನುತ್ತಾರೆ.

ಓದಲು ಬಾರದವನು ರಾಜ್ಯ ನಡೆಸಿದ್ದು ಹೇಗೆ? 1779ರಲ್ಲಿ ಮದರಾಸಿನ ಇಂಗ್ಲಿಷರ ದೂತನಾಗಿ ಬಂದ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿ ಶ್ರೀರಂಗಪಟ್ಟಣದ ಆಸ್ಥಾನವನ್ನು ಕಣ್ಣಾರೆ ನೋಡಿ ಬರೆದಿದ್ದಾರೆ. ಹೈದರ್ ಪತ್ರವನ್ನು ಬಾಯಲ್ಲಿ ಹೇಳುತ್ತಿದ್ದ, ಗುಮಾಸ್ತ ಬರೆದು ಓದಿ ಹೇಳಬೇಕಿತ್ತು. ಆಮೇಲೆ ಇನ್ನೊಬ್ಬನನ್ನು ಕರೆದು ಅದೇ ಪತ್ರವನ್ನು ಮತ್ತೆ ಓದಿಸುತ್ತಿದ್ದ. ಒಂದು ಮಾತು ಹೆಚ್ಚುಕಮ್ಮಿಯಾಗಿದ್ದರೆ ಬರೆದವನ ಕಥೆ ಮುಗಿಯಿತು. ಶಿಕ್ಷೆ ಕ್ರೂರವಾದದ್ದು ಹೌದು. ಆದರೆ ಕ್ರಮವನ್ನು ನೋಡಿ: ಯಾವ ನಿರ್ಧಾರವೂ ಅವನ ಬಾಯಿಂದ ಹೊರಟ ಕೂಡಲೇ ಬಾಗಿಲು ದಾಟುತ್ತಿರಲಿಲ್ಲ. ಎರಡು ಸಲ ಅವನ ಕಿವಿಗೇ ಮರಳಿ ಬಂದು, ಆಮೇಲೆ ಹೋಗುತ್ತಿತ್ತು. ಅಕ್ಷರ ಬಾರದಿದ್ದದ್ದೇ ಅವನಿಗೆ ಒಂದು ರೀತಿಯ ತಡೆಯಾಯಿತು ಎಂದು ನನಗೆ ಅನಿಸುತ್ತದೆ. ನಮಗೆ ಮೊಬೈಲಿನಲ್ಲಿ ಕೋಪದ ಮೆಸೇಜು ಕಳಿಸಲು ಎರಡು ಸೆಕೆಂಡು ಸಾಕು.

ಈಗ ಅವನ ಬದುಕಿನ ಅತಿ ದೊಡ್ಡ ರಿಸ್ಕಿಗೆ ಬರೋಣ. 1767ರಲ್ಲಿ ಇಂಗ್ಲಿಷರ ಜೊತೆ ಯುದ್ಧ ಶುರುವಾಗಿತ್ತು. ಚೆಂಗಮ, ತಿರುವಣ್ಣಾಮಲೈಗಳಲ್ಲಿ ಹೈದರ್ ಸೋತ. ಮರುವರ್ಷ ಇಂಗ್ಲಿಷರು ಬೆಂಗಳೂರಿನ ಕಡೆಗೇ ಬಂದರು. ಹೈದರ್ ಹಣವನ್ನೂ ಬಾರಾಮಹಲನ್ನೂ ಕೊಟ್ಟು ಸಂಧಿ ಮಾಡಿಕೊಳ್ಳಲು ಸಿದ್ಧನಾದ. ಮದರಾಸಿನವರಿಗೆ ಅದು ಸಾಲದಾಯಿತು, ಇನ್ನೂ ಕೇಳಿದರು. ಹೈದರ್ ಮಾತುಕತೆ ನಿಲ್ಲಿಸಿ, ಕಳೆದುಕೊಂಡ ಕೋಟೆಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳತೊಡಗಿದ. 1769ರ ಮಾರ್ಚಿನಲ್ಲಿ ಅವನು ಫಿರಂಗಿ, ಸಾಮಾನು ಸರಂಜಾಮು ಮತ್ತು ಸೇನೆಯ ಮುಖ್ಯ ಭಾಗವನ್ನು ಘಟ್ಟದ ಮೇಲಕ್ಕೆ, ಮೈಸೂರಿನ ಕಡೆಗೆ ಕಳಿಸಿಬಿಟ್ಟ. ತಾನು 6000 ಕುದುರೆ ಸವಾರರು ಮತ್ತು ಕೇವಲ 200 ಕಾಲಾಳುಗಳೊಂದಿಗೆ ಮದರಾಸಿನತ್ತ ತಿರುಗಿದ. ಮೂರೂವರೆ ದಿನದಲ್ಲಿ 130 ಮೈಲಿ. ಇಂಗ್ಲಿಷ್ ಸೈನ್ಯ ಹಿಂದೆ ಎಲ್ಲೋ ಉಳಿಯಿತು. ಮಾರ್ಚ್ 29ರಂದು ಅವನು ಮದರಾಸಿನಿಂದ ಐದು ಮೈಲಿ ದೂರದ ಸೇಂಟ್ ಥಾಮಸ್ ಮೌಂಟಿನಲ್ಲಿದ್ದ.

1979ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಒಂದು ವಿಷಯ ತೋರಿಸಿದರು. ಲಾಭದಲ್ಲಿರುವವನು ಕೈಗೆ ಬಂದದ್ದನ್ನು ಜೋಪಾನ ಮಾಡುತ್ತಾನೆ. ನಷ್ಟ ಖಚಿತವಾಗಿ ಕಣ್ಣ ಮುಂದೆ ನಿಂತಿರುವವನು ಅದನ್ನು ಒಪ್ಪಿಕೊಳ್ಳಲಾರದೆ ಇನ್ನೂ ದೊಡ್ಡ ಜೂಜಿಗೆ ಕೈಹಾಕುತ್ತಾನೆ. ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಕೆಲಸಕ್ಕಾಗಿ. ಕ್ರಿಕೆಟ್ ಬೆಟ್ಟಿಂಗ್ ಆ್ಯಪಿನಲ್ಲಿ 500 ರೂಪಾಯಿ ಹೋದವನು ಅದನ್ನು ವಾಪಸ್ ತರಲು 1000 ಹಾಕುವುದನ್ನು ನಾವೆಲ್ಲ ನೋಡಿದ್ದೇವೆ, ಹೆಸರು ಬೇಡ.

ಹೈದರನ ಮದರಾಸು ಸವಾರಿ ಮೇಲ್ನೋಟಕ್ಕೆ ಅಂಥದೇ ಜೂಜಿನಂತೆ ಕಾಣುತ್ತದೆ. ವ್ಯತ್ಯಾಸ ಇರುವುದು ಅವನು ಮನೆಗೆ ಕಳಿಸಿದ್ದರಲ್ಲಿ. ಫಿರಂಗಿ ಹೋಗಿದ್ದವು, ಖಜಾನೆ ಹೋಗಿತ್ತು, ಕಾಲ್ದಳ ಹೋಗಿತ್ತು. ಮದರಾಸಿನಲ್ಲಿ ಸೋತರೂ ಹೋಗುವುದು ಕುದುರೆ ಸವಾರರು ಮಾತ್ರ, ಅವರೂ ಓಡಿ ತಪ್ಪಿಸಿಕೊಳ್ಳಬಲ್ಲವರು. ನಷ್ಟಕ್ಕೆ ಮೊದಲೇ ಒಂದು ಗಡಿ ಹಾಕಿ ಆಮೇಲೆ ಹೊರಟಿದ್ದ. ಫಿರಂಗಿ ಇಲ್ಲದೆ ಸೇಂಟ್ ಜಾರ್ಜ್ ಕೋಟೆಯನ್ನು ಹಿಡಿಯಲು ಆಗುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಿಡಿಯುವ ಯೋಚನೆಯೂ ಇರಲಿಲ್ಲ. ಮದರಾಸು ಕೌನ್ಸಿಲಿನವರು ವ್ಯಾಪಾರಿಗಳು. ಕೋಟೆಯ ಹೊರಗೆ ಅವರ ತೋಟದ ಮನೆಗಳಿದ್ದವು, ಗೋದಾಮುಗಳಿದ್ದವು. ಕಿಟಕಿಯಿಂದ ನೋಡಿದರೆ ಹೈದರನ ಸವಾರರು ಕಾಣಬೇಕು, ಅಷ್ಟು ಸಾಕು. ಅವರ ಭಯ ಎಷ್ಟು ಬೆಲೆ ಬಾಳುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಏಪ್ರಿಲ್ ಮೊದಲ ವಾರದಲ್ಲಿ ಸಂಧಿಯಾಯಿತು. ಗೆದ್ದ ಜಾಗಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ಬೇರೆಯವರು ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರುವುದು. ಹೈದರನ ಸುದ್ದಿ ಹಡಗಿನಲ್ಲಿ ಲಂಡನ್ನಿಗೆ ತಲುಪಿದಾಗ ಈಸ್ಟ್ ಇಂಡಿಯಾ ಕಂಪನಿಯ ಷೇರು ಬೆಲೆ ಕುಸಿಯಿತು. ಶ್ರೀರಂಗಪಟ್ಟಣದ ಒಬ್ಬ ಮನುಷ್ಯನಿಂದ ಲಂಡನ್ನಿನ ಷೇರುಪೇಟೆ ನಡುಗಿದ್ದನ್ನು ನಮ್ಮ ಪಠ್ಯದಲ್ಲಿ ಯಾಕೆ ಹಾಕಿಲ್ಲವೋ.

ಆ ವಾರ ಮದರಾಸಿನಲ್ಲಿ ಇನ್ನೊಬ್ಬನೂ ಇದ್ದ. ಹೈದರ್ ಪ್ರಬಲನಾಗುತ್ತಿದ್ದಂತೆ ದೊಡ್ಡಬಳ್ಳಾಪುರ ಬಿಟ್ಟು ಓಡಿ ಬಂದಿದ್ದ ಅಬ್ಬಾಸ್ ಕುಲಿ ಖಾನ್. ವಿಲ್ಕ್ಸ್ ಬರೆದಿರುವಂತೆ, ಹೈದರನ ಸವಾರರು ಬಂದರೆಂದು ಕೇಳಿದ ಕೂಡಲೇ ಅವನು ಒಂದು ಹಳೆಯ ಮುರುಕು ಹಡಗು ಹತ್ತಿ ಸಮುದ್ರಕ್ಕೆ ಹೋದ. ಮೈಸೂರಿನ ಸೈನ್ಯ ಘಟ್ಟ ಹತ್ತಿತು ಎಂದು ಖಚಿತವಾಗುವವರೆಗೂ ದಡಕ್ಕೆ ಇಳಿಯಲಿಲ್ಲ. ಹೈದರ್ ಅವನನ್ನು ಹುಡುಕಿಕೊಂಡು ಬಂದಿರಲಿಲ್ಲ.

ಇಷ್ಟೆಲ್ಲ ಲೆಕ್ಕ ಬಲ್ಲವನು ಒಂದು ರಾತ್ರಿ ಎಲ್ಲವನ್ನೂ ಕೆಡಿಸಿಕೊಂಡ. 1771ರ ಮಾರ್ಚ್. ಮರಾಠರ ಸೈನ್ಯ ಬಂದಿತ್ತು. ಮೇಲುಕೋಟೆಯ ಬೆಟ್ಟದಲ್ಲಿದ್ದ ಹೈದರ್ ರಾತ್ರಿ ಸದ್ದಿಲ್ಲದೆ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯಲು ಹೊರಟ. ವಿಲ್ಕ್ಸ್ ಪ್ರಕಾರ ಅವನು ಅಂದು ಅಮಲಿನಲ್ಲಿದ್ದ. ಟಿಪ್ಪುವಿಗೆ ಕಳಿಸಿದ ಸುದ್ದಿ ಕತ್ತಲಲ್ಲಿ ಸರಿಯಾಗಿ ತಲುಪಲಿಲ್ಲ. ಮಗ ತಡವಾಗಿ ಬಂದಾಗ ತಂದೆ ಎಲ್ಲರ ಮುಂದೆ ಬೈದು ಕೋಲಿನಿಂದ ಹೊಡೆದ. ಟಿಪ್ಪು ಪೇಟ ಮತ್ತು ಕತ್ತಿಯನ್ನು ನೆಲಕ್ಕೆ ಎಸೆದು, ಇವತ್ತು ಕತ್ತಿ ಹಿಡಿಯುವುದಿಲ್ಲ ಎಂದು ಆಣೆ ಇಟ್ಟ. ಆಣೆಯನ್ನು ಉಳಿಸಿಕೊಂಡ. ಒಬ್ಬ ಸೇನಾನಿಯ ಕೋಪ, ಇನ್ನೊಬ್ಬ ಸೇನಾನಿಯ ಅವಮಾನ, ಮಧ್ಯದಲ್ಲಿ ಸಾವಿರಾರು ಜನ ಸಿಪಾಯಿಗಳು. ಬೆಳಗಾಗುವಾಗ ತೊಣ್ಣೂರು ಕೆರೆ, ಚಿನಕುರಳಿಗಳ ಹತ್ತಿರ ಮರಾಠರು ಎರಗಿದರು. ಮೈಸೂರು ಸೈನ್ಯ ಚದುರಿಹೋಯಿತು, ಹೈದರ್ ಕುದುರೆ ಏರಿ ಓಡಿದ. ಮಗ ಸತ್ತನೆಂದು ತಿಳಿದು ಶ್ರೀರಂಗಪಟ್ಟಣದ ಹತ್ತಿರದ ದರ್ಗಾದಲ್ಲಿ ಅಳುತ್ತ ಕೂತಿದ್ದನಂತೆ. ಟಿಪ್ಪು ಆ ರಾತ್ರಿ ಫಕೀರನ ವೇಷದಲ್ಲಿ ತಪ್ಪಿಸಿಕೊಂಡು ಬಂದ. 1760ರಲ್ಲಿ ಬಿಟ್ಟುಹೋಗುವಾಗ ಕಾಣದ ತಂದೆ ಇಲ್ಲಿ ಕಾಣುತ್ತಾನೆ.

ಸಂಧಿಯ ಪ್ರಕಾರ ನೆರವಿಗೆ ಬರಬೇಕಿದ್ದ ಇಂಗ್ಲಿಷರು ಬರಲಿಲ್ಲ. ಹೈದರ್ ಮರಾಠರಿಗೆ ಹಣ, ಜಾಗ ಕೊಟ್ಟು ಕಳಿಸಬೇಕಾಯಿತು. ಇಂಗ್ಲಿಷರ ಮೇಲಿನ ಆ ಸಿಟ್ಟು ಅವನ ಮನಸ್ಸಿನಿಂದ ಹೋಗಲೇ ಇಲ್ಲ. ಆದರೆ ಎಂಟು ವರ್ಷ ಅವನು ಅದನ್ನು ತೋರಿಸಲಿಲ್ಲ. 1772ರಲ್ಲಿ ಪೇಶ್ವೆ ಮಾಧವರಾಯ ತೀರಿಕೊಂಡ ಮೇಲೆ ಕಳೆದುಕೊಂಡದ್ದನ್ನೆಲ್ಲ ಹಿಂದಕ್ಕೆ ಪಡೆದ. ಗುತ್ತಿ, ಚಿತ್ರದುರ್ಗ ಗೆದ್ದ. 1779ರಲ್ಲಿ ಅವನಿಗೆ ಫ್ರೆಂಚರ ಸಾಮಾನು ಬರುತ್ತಿದ್ದ ಮಾಹೆ ಬಂದರನ್ನು ಇಂಗ್ಲಿಷರು ಹಿಡಿದರು. ಆಗ ಮರಾಠರನ್ನೂ ನಿಜಾಮನನ್ನೂ ತನ್ನ ಕಡೆಗೆ ಒಲಿಸಿಕೊಂಡು, ಮಸೀದಿಗಳಲ್ಲಿ ದುವಾ, ದೇವಸ್ಥಾನಗಳಲ್ಲಿ ಜಪ ಮಾಡಿಸಿ, 1780ರ ಜುಲೈನಲ್ಲಿ ಘಟ್ಟ ಇಳಿದ. ಸುಮಾರು ಎಂಬತ್ತು ತೊಂಬತ್ತು ಸಾವಿರ ಜನ, ನೂರು ಫಿರಂಗಿ.

ಇಲ್ಲಿ ನಾವು ಹೆಮ್ಮೆಯಿಂದ ಓದುವ ಜೊತೆಗೆ ಇನ್ನೊಂದನ್ನೂ ಓದಬೇಕು. ಇಂಗ್ಲಿಷರಿಗೆ ಕಾಳು, ಮೇವು ಸಿಗಬಾರದು ಎಂದು ಮದರಾಸಿನ ಸುತ್ತಲಿನ ಹಳ್ಳಿಗಳನ್ನು ಹೈದರ್ ಸುಡಿಸಿದ. ಅದು ಸಿಟ್ಟಿನಿಂದ ಮಾಡಿದ ಕೆಲಸವಲ್ಲ, ತಣ್ಣಗೆ ಯೋಚಿಸಿ ಮಾಡಿದ್ದು. ಸತ್ತದ್ದು ಹಳ್ಳಿಯ ಬಡವರು. ಯೋಚಿಸಿ ತೆಗೆದುಕೊಂಡ ನಿರ್ಧಾರ ಎಂದ ಮಾತ್ರಕ್ಕೆ ಅದು ಒಳ್ಳೆಯ ನಿರ್ಧಾರ ಆಗಬೇಕಾಗಿಲ್ಲ ಎಂದು ನನಗೆ ಮೊದಲು ಹೊಳೆದದ್ದು ಈ ಜಾಗದಲ್ಲಿ. ನಮ್ಮ ಊರಿನಲ್ಲಿ ಹೈದರ್, ಟಿಪ್ಪು ಹೆಸರು ಬಂದರೆ ಕೆಲವರ ದನಿ ಏರುತ್ತದೆ, ಪರವಾಗಿಯೂ ವಿರೋಧವಾಗಿಯೂ. ಪಂಜರ ಮತ್ತು ಮದರಾಸು ಸವಾರಿ ಎರಡನ್ನೂ ಒಂದೇ ಮನುಷ್ಯ ಮಾಡಿದ ಎಂದು ಒಪ್ಪಿಕೊಳ್ಳಲು ಯಾರಿಗೂ ತಾಳ್ಮೆ ಇಲ್ಲ.

1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ತುಕಡಿ ಪೂರ್ತಿಯಾಗಿ ಸೋತಿತು. ದರಿಯಾ ದೌಲತ್ತಿನ ಗೋಡೆಯ ಮೇಲಿರುವುದು ಅದೇ ಯುದ್ಧ. ಹತ್ತಿರದ ಕಂಚಿಯಲ್ಲಿ ಮನ್ರೋನ ಸೈನ್ಯವಿತ್ತು. ಅವನು ಗಾಬರಿಯಾಗಿ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಹಿಂದಿರುಗಿದ. ಬೆನ್ನಟ್ಟಿದ್ದರೆ ಮದರಾಸೇ ಸಿಗುತ್ತಿತ್ತೇನೋ ಎಂದು ಹೇಳುವ ಇತಿಹಾಸಕಾರರಿದ್ದಾರೆ. ಹೈದರ್ ಬೆನ್ನಟ್ಟಲಿಲ್ಲ, ಆರ್ಕಾಟಿನ ಮುತ್ತಿಗೆಗೆ ಮರಳಿದ. ಆರ್ಕಾಟು ನವೆಂಬರಿನಲ್ಲಿ ಬಿತ್ತು, ಅಷ್ಟರಲ್ಲಿ ಬಂಗಾಳದಿಂದ ಸಮುದ್ರದ ಮೇಲೆ ಐರ್ ಕೂಟ್ ಬಂದಿಳಿದ. ಅರವತ್ತರ ಹತ್ತಿರದ ಹೈದರನಿಗೆ ಆ ಹೊತ್ತು ಲೆಕ್ಕ ಸ್ವಲ್ಪ ಹೆಚ್ಚೇ ಆಯಿತು ಎಂದು ನನ್ನ ಅಭಿಪ್ರಾಯ. ಒಂದು ಸಲ, ಒಂದೇ ಸಲ, ಹಳೆಯ ಸಿಟ್ಟಿನ ಮಾತು ಕೇಳಬಹುದಿತ್ತು. 1781ರ ಜುಲೈ 1ರಂದು ಪೋರ್ಟೊ ನೊವೊದಲ್ಲಿ ಕೂಟ್ ಅವನನ್ನು ಸೋಲಿಸಿದ. ನೆಲದ ಮೇಲೆ ಎಷ್ಟು ಸಲ ಗೆದ್ದರೂ ಸಮುದ್ರದಿಂದ ಹೊಸ ಸೈನ್ಯ ಬರುತ್ತಲೇ ಇರುತ್ತದೆ ಎಂದು ಅವನಿಗೆ ಅರ್ಥವಾಗಿತ್ತು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಶಿಬಿರದಲ್ಲಿ ಹೈದರ್ ಅಲಿ ತೀರಿಕೊಂಡ. ಬೆನ್ನಿನಲ್ಲಿ ಎದ್ದ ದೊಡ್ಡ ಹುಣ್ಣು ವಾಸಿಯಾಗಲಿಲ್ಲ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ದೊರೆ ಸತ್ತ ಸುದ್ದಿ ಹೊರಬಿದ್ದರೆ ಸೈನ್ಯ ಒಡೆಯುತ್ತದೆ ಎಂದು ಪೂರ್ಣಯ್ಯ ಮತ್ತು ಕೃಷ್ಣರಾಯರಿಗೆ ಗೊತ್ತಿತ್ತು. ಅವರು ಅಳಲೂ ಇಲ್ಲ, ಅವಸರ ಪಡಲೂ ಇಲ್ಲ. ನವಾಬರಿಗೆ ಹುಷಾರಿಲ್ಲ ಎಂದು ಹೇಳಿ ಶಿ‌ಬಿರದ ಕೆಲಸಗಳನ್ನು ಎಂದಿನಂತೆ ನಡೆಸಿದರು. ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವಂತೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಅಲ್ಲಿ ಅವನ ತಂದೆಯ ಗೋರಿಯಿದೆ. ಟಿಪ್ಪು ಬಂದು ಸೈನ್ಯವನ್ನು ವಹಿಸಿಕೊಂಡಾಗ ಒಂದು ತುಕಡಿಯೂ ಚದುರಿರಲಿಲ್ಲ. ಆಮೇಲೆ ಆ ಪೆಟ್ಟಿಗೆ ಶ್ರೀರಂಗಪಟ್ಟಣದ ಗುಂಬಜಿಗೆ ಬಂತು, ಹೈದರ್ ಕಾವೇರಿ ದಾಟಿ ಓಡಿಹೋದ ಅದೇ ದ್ವೀಪಕ್ಕೆ.